ದಾರಿ ಬಿಡುವ ಮನಸ್ಸು, ದಾರಿ ಬಿಡುವ ಕೈ

ಓದಿ ಧ್ಯಾನಿಸಲು: ಆದಿಕಾಂಡ 13:1-17, ಸಂಖ್ಯಾಕಾಂಡ 22:21-35, ಮತ್ತಾಯ 5:23-26



ಶಾಮನೂರು ಒಂದು ಕಾಲಕ್ಕೆ ದಾವಣಗೆರೆಯ ಪಕ್ಕದ ಹಳ್ಳಿ. ಇಂದು ಅದು ನಗರದೊಳಗೇ ಸೇರಿಹೋಗಿದೆ. ಊರು ಬೆಳೆಯಿತು, ಮನೆಗಳು ಮಹಡಿಗಳಾದವು, ಮನೆಗೊಂದು ಬೈಕು, ಮನೆ ಬಿಟ್ಟು ಮನೆಗೊಂದು ಕಾರು ಬಂತು. ಆದರೆ ಹಳೆಯ ಊರುಗಳ ಓಣಿಗಳು ಮಾತ್ರ ಒಂದು ಜೋಡಿ ಎತ್ತಿನ ಬಂಡಿಗೆ ಎಷ್ಟು ಬೇಕೋ ಅಷ್ಟೇ ಅಗಲ ಉಳಿದಿವೆ. ಊರು ದಾಟಿ ಹೊಲಗದ್ದೆಗಳ ಕಡೆಗೆ ಹೋದರೂ ಇದೇ ಕಥೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬರುವ ಭದ್ರೆಯ ನೀರು ದಾವಣಗೆರೆ, ಹರಿಹರ ತಾಲ್ಲೂಕುಗಳ ನೆಲವನ್ನು ಭತ್ತದ ನೆಲವಾಗಿಸಿದೆ. ಆ ಗದ್ದೆಗಳಿಗೆ ಹೋಗುವ ದಾರಿಯೆಂದರೆ ನಾಲೆಯ ಏರಿ, ಇಲ್ಲವೇ ಗ್ರಾಮ ನಕಾಶೆಯಲ್ಲಿ ಗುರುತಿಸಿರುವ ಹಳೆಯ ಬಂಡಿದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರು, ನಡುವೆ ಒಂದೇ ಗಾಡಿಯ ಹಾದಿ.

ಸುಗ್ಗಿಯ ಕಾಲದಲ್ಲಿ ಇಂಥ ದಾರಿಯಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತು. ಭತ್ತದ ಚೀಲ ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬರುತ್ತಿದೆ. ಎದುರಿಗೆ ಒಂದು ಕಾರು. ಎರಡೂ ನಿಂತವು. ಮೊದಲು ಹಾರ್ನ್, ಆಮೇಲೆ ದೀಪ, ಆಮೇಲೆ ಕೈಸನ್ನೆ, ಆಮೇಲೆ ಮಾತು. "ನೀನೇ ಹಿಂದಕ್ಕೆ ತಗೋ." "ನಾನ್ಯಾಕೆ ತಗೊಳ್ಳಲಿ? ಮೊದಲು ಬಂದೋನು ನಾನು." ಹತ್ತು ನಿಮಿಷದಲ್ಲಿ ಎರಡು ಕಡೆಯೂ ನಾಲ್ಕು ನಾಲ್ಕು ಗಾಡಿಗಳು ಸೇರಿಕೊಳ್ಳುತ್ತವೆ. ಈಗ ಯಾರಿಗೂ ಹಿಂದೆ ಸರಿಯಲು ಜಾಗವಿಲ್ಲ. ಆ ಸಾಲಿನ ಹಿಂದೆ ಹೆರಿಗೆ ನೋವಿನ ತಾಯಿಯನ್ನು ಕೂರಿಸಿಕೊಂಡ ಆಟೋ ಬಂದು ನಿಂತರೆ ಗತಿ ಏನು? ಮೊದಲ ಒಂದು ನಿಮಿಷದಲ್ಲಿ ಒಬ್ಬನು ಐವತ್ತು ಅಡಿ ಹಿಂದೆ ಸರಿದಿದ್ದರೆ ಮುಗಿಯುತ್ತಿದ್ದ ಕೆಲಸವದು.

ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ವಿಷಯ ಏಕೆ ಎಂದು ನೀವು ಕೇಳಬಹುದು. ನೆರೆಯವನ ಪ್ರೀತಿಯನ್ನು ನಾವು ದೇವಾಲಯದಲ್ಲಿ ಕೇಳುತ್ತೇವೆ, ದಾರಿಯಲ್ಲಿ ಅದರ ಪರೀಕ್ಷೆ ಬರೆಯುತ್ತೇವೆ. ಈ ಪರೀಕ್ಷೆಯಲ್ಲಿ ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು. ದಾರಿ ಬಿಡಬೇಕೆಂಬ ಮನಸ್ಸಿದ್ದರೂ ಗಾಡಿಯನ್ನು ಹಿಂದಕ್ಕೆ ತೆಗೆಯಲು ಬಾರದವನು ದಾರಿ ಬಿಡಲಾರ. ಅನೇಕರ ಹಟದ ಹಿಂದೆ ಅಹಂಕಾರಕ್ಕಿಂತ ಹೆಚ್ಚಾಗಿ ಅಂಜಿಕೆ ಇರುತ್ತದೆ. "ನನಗೆ ರಿವರ್ಸ್ ಸರಿಯಾಗಿ ಬರುವುದಿಲ್ಲ" ಎಂದು ಹೇಳಲು ನಾಚಿಕೆ. ಆ ನಾಚಿಕೆಯೇ ಜಗಳದ ವೇಷ ಹಾಕಿಕೊಂಡು ಹೊರಗೆ ಬರುತ್ತದೆ. ಆದುದರಿಂದ ಇಂದು ಎರಡನ್ನೂ ಕಲಿಯೋಣ, ದಾರಿ ಬಿಡುವ ಮನಸ್ಸನ್ನು ಮತ್ತು ದಾರಿ ಬಿಡುವ ಕೈಯನ್ನು.

ಯಾರು ಹಿಂದೆ ಸರಿಯಬೇಕು?

"ಮೊದಲು ಬಂದವನು" ಎಂಬುದು ಇಕ್ಕಟ್ಟಾದ ದಾರಿಯಲ್ಲಿ ನಿಯಮವೇ ಅಲ್ಲ. ಇಬ್ಬರೂ ಏಕಕಾಲಕ್ಕೆ ಬಂದವರೇ. ಕೇಳಬೇಕಾದ ಪ್ರಶ್ನೆ ಒಂದೇ: ಯಾರಿಗೆ ಹಿಂದೆ ಸರಿಯುವುದು ಹೆಚ್ಚು ಸುಲಭ, ಯಾರು ಸರಿದರೆ ಅಪಾಯ ಕಡಿಮೆ?

ಮೊದಲನೆಯದು, ಅಗಲವಾದ ಜಾಗ ಯಾರಿಗೆ ಹತ್ತಿರವೋ ಅವರು ಸರಿಯಬೇಕು. ಒಬ್ಬನ ಹಿಂದೆ ಇಪ್ಪತ್ತು ಅಡಿಗೆ ಕಣದ ಬಯಲಿದೆ, ಇನ್ನೊಬ್ಬನ ಹಿಂದೆ ಅರ್ಧ ಮೈಲಿ ಏರಿಯಿದೆ ಎಂದಾದರೆ ವಾದಕ್ಕೆ ಎಡೆಯೇ ಇಲ್ಲ.

ಎರಡನೆಯದು, ಹೊರೆ ಹೊತ್ತ ಗಾಡಿಗೆ ಬರಿಗಾಡಿ ದಾರಿ ಬಿಡಬೇಕು. ತುಂಬಿದ ಗಾಡಿಯ ಚಕ್ರ ನಾಲೆಯ ಅಂಚಿನ ಹಸಿಮಣ್ಣಿಗೆ ಇಳಿದರೆ ಅದನ್ನು ಎತ್ತುವವರಿಲ್ಲ. ಎತ್ತಿನ ಬಂಡಿಯಾದರೆ ಹೇಳುವುದೇ ಬೇಡ. ಎತ್ತುಗಳು ನೊಗ ಹೊತ್ತು ಮುಂದಕ್ಕೆ ಎಳೆಯಲು ಪಳಗಿದವು, ಹಿಂದಕ್ಕೆ ತಳ್ಳಲು ಅಲ್ಲ.

ಮೂರನೆಯದು, ಟ್ರೇಲರ್ ಕಟ್ಟಿದ ಗಾಡಿಗೆ ಒಂಟಿ ಗಾಡಿ ದಾರಿ ಬಿಡಬೇಕು. ಕಾರನ್ನು ಹಿಂದಕ್ಕೆ ತೆಗೆಯುವಾಗ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಕಾರಿನ ಹಿಂಬದಿ ಎಡಕ್ಕೇ ಹೋಗುತ್ತದೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನಲ್ಲಿ ಇದು ತಲೆಕೆಳಗು. ಟ್ರೇಲರಿನ ಹಿಂಬದಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕು, ಆಮೇಲೆ ನಿಧಾನವಾಗಿ ಅದರ ಹಿಂದೆ ಹೋಗಬೇಕು. ಸ್ವಲ್ಪ ಹೆಚ್ಚಾದರೆ ಟ್ರೇಲರ್ ಮಡಚಿಕೊಂಡು ಟ್ರ್ಯಾಕ್ಟರಿನ ಚಕ್ರಕ್ಕೇ ತಾಗುತ್ತದೆ. ಎರಡು ಟ್ರೇಲರ್ ಕಟ್ಟಿದ ಗಾಡಿಯನ್ನಂತೂ ನುರಿತ ಚಾಲಕನೂ ಹೆಚ್ಚು ದೂರ ಹಿಂದಕ್ಕೆ ತೆಗೆಯಲಾರ. ಕಬ್ಬಿನ ಗಾಡಿಯ ಚಾಲಕನ ಮೇಲೆ ಹಾರ್ನ್ ಒತ್ತುವ ಕಾರಿನವರು ಇದನ್ನು ತಿಳಿದಿರಬೇಕು. ಅವನು ಹಟ ಹಿಡಿದು ನಿಂತಿಲ್ಲ, ಅವನಿಗೆ ಬೇರೆ ದಾರಿಯಿಲ್ಲ.

ನಾಲ್ಕನೆಯದು, ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು. ಇದು ನಮ್ಮ ದೇಶದ ರಸ್ತೆ ನಿಯಮವೂ ಹೌದು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯಲ್ಲಿ ಓಡಾಡಿದವರಿಗೆ ಇದರ ಅರ್ಥ ಗೊತ್ತು. ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ.

ಬ್ರಿಟನ್ನಿನ ಹಳ್ಳಿಗಾಡಿನಲ್ಲಿಯೂ ಒಂದೇ ಗಾಡಿಯ ಅಗಲದ ದಾರಿಗಳು ಬಹಳ. ಅಲ್ಲಿ ಅಲ್ಲಲ್ಲಿ ಗಾಡಿ ನಿಲ್ಲಿಸಿಕೊಳ್ಳಲು ಅಗಲದ ಜಾಗ ಮಾಡಿ ಫಲಕ ನೆಟ್ಟಿರುತ್ತಾರೆ. ಎದುರು ಗಾಡಿ ಕಂಡೊಡನೆ ಆ ಜಾಗದಲ್ಲಿ ಕಾಯಬೇಕು, ಬೇಕಾದರೆ ಅಲ್ಲಿಯವರೆಗೆ ಹಿಂದಕ್ಕೆ ಹೋಗಬೇಕು, ಏರಿ ಬರುವವರಿಗೆ ಸಾಧ್ಯವಾದಾಗಲೆಲ್ಲ ದಾರಿ ಬಿಡಬೇಕು ಎಂದು ಆ ದೇಶದ ರಸ್ತೆ ಕೈಪಿಡಿ ಹೇಳುತ್ತದೆ. ನಮ್ಮ ಏರಿಗಳ ಮೇಲೆ ಫಲಕಗಳಿಲ್ಲ. ಆದರೆ ತೂಬಿನ ಬಳಿ, ಸೇತುವೆಯ ತುದಿಯಲ್ಲಿ, ಕಣದ ಬಾಯಲ್ಲಿ, ಮರದ ನೆರಳಲ್ಲಿ ಅಗಲದ ಜಾಗಗಳಿವೆ. ದಾರಿಗೆ ಇಳಿದವನು ಅವನ್ನು ಗುರುತಿಟ್ಟುಕೊಂಡು ಹೋದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಹೇಗೆ ಹಿಂದೆ ಸರಿಯಬೇಕು?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಚಾಲನಾ ಪರೀಕ್ಷೆಯ ಅಂಶಗಳನ್ನು ಪಟ್ಟಿ ಮಾಡಿದ್ದಾರೆ. ಗಾಡಿಯನ್ನು ಹಿಂದಕ್ಕೆ ಓಡಿಸುತ್ತ ಎಡಕ್ಕೋ ಬಲಕ್ಕೋ ಇರುವ ಇಕ್ಕಟ್ಟಾದ ಜಾಗದೊಳಗೆ ಹಿಡಿತದಲ್ಲಿಟ್ಟುಕೊಂಡು ಸೇರಿಸಲು ಬರಬೇಕು ಎಂಬುದು ಅದರಲ್ಲಿ ಒಂದು. ಅಂದರೆ ಲೈಸೆನ್ಸ್ ಪಡೆದ ಪ್ರತಿಯೊಬ್ಬರಿಗೂ ಇದು ತಿಳಿದಿರಬೇಕಾದ ವಿದ್ಯೆ. ಪರೀಕ್ಷೆಯ ದಿನ ಒಮ್ಮೆ ಮಾಡಿ ಆಮೇಲೆ ಹತ್ತು ವರ್ಷ ಮಾಡದಿದ್ದರೆ ಯಾವ ವಿದ್ಯೆಯೂ ಉಳಿಯದು.

ಮೊದಲು ಪೂರ್ತಿ ನಿಲ್ಲಿಸಿ. ಅನುಮಾನವಿದ್ದರೆ ಇಳಿದು ಹಿಂದೆ ಹೋಗಿ ನೋಡಿ. ಇದರಲ್ಲಿ ಅವಮಾನವೇನೂ ಇಲ್ಲ. ಹಿಂದೆ ಮಗು ನಿಂತಿದೆಯೇ, ಕರು ಮಲಗಿದೆಯೇ, ಕಲ್ಲು ಇದೆಯೇ, ಏರಿಯ ಅಂಚು ಎಲ್ಲಿದೆ ಎಂಬುದನ್ನು ಕಣ್ಣಾರೆ ಕಂಡು ಬಂದವನ ಕೈ ನಡುಗುವುದಿಲ್ಲ. ಆಮೇಲೆ ನಡೆಯುವ ಮನುಷ್ಯನ ವೇಗಕ್ಕಿಂತ ನಿಧಾನವಾಗಿ, ಕ್ಲಚ್ಚಿನ ಹಿಡಿತದಲ್ಲಿ, ಕಾಲು ಬ್ರೇಕಿನ ಮೇಲೆ ಸಿದ್ಧವಿರುವಂತೆ ಸರಿಯಬೇಕು. ಕನ್ನಡಿಗಳೆರಡನ್ನೂ ನೋಡಬೇಕು, ಕುತ್ತಿಗೆ ತಿರುಗಿಸಿ ಹಿಂದೆಯೂ ನೋಡಬೇಕು. ಕನ್ನಡಿಗೆ ಕಾಣದ ಜಾಗ ಎಲ್ಲ ಗಾಡಿಗಳ ಹಿಂದೆಯೂ ಇರುತ್ತದೆ, ಅಲ್ಲಿ ನಿಲ್ಲುವ ಮಗು ಎರಡಡಿ ಎತ್ತರದ್ದು. ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಹಿಂಬದಿ ಎಡಕ್ಕೆ ಹೋಗುವಾಗ ಮುಂಭಾಗ ಬಲಕ್ಕೆ ಬೀಸುತ್ತದೆ ಎಂಬುದನ್ನು ಮರೆತು ಹಿಂದೆಯೇ ನೋಡುತ್ತಿದ್ದವರು ಮುಂದಿನ ಚಕ್ರವನ್ನು ನಾಲೆಗೆ ಇಳಿಸಿಬಿಡುತ್ತಾರೆ.

ಜೊತೆಗೆ ಯಾರಾದರೂ ಇದ್ದರೆ ಇಳಿಸಿ. ನಮ್ಮ ಬಸ್ಸುಗಳ ಕಂಡಕ್ಟರು ಇಳಿದು ಹಿಂದೆ ಹೋಗಿ "ಬರ್ಲಿ, ಬರ್ಲಿ" ಎಂದು ಕೂಗುವುದನ್ನು, "ಹೋಲ್ಡಾನ್" ಎಂದೊಡನೆ ಡ್ರೈವರು ಬ್ರೇಕ್ ಒತ್ತುವುದನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ದೊಡ್ಡ ಬಸ್ಸನ್ನು ನಡೆಸುವವನು ಕೆಳಗೆ ನಿಂತವನ ಒಂದು ಮಾತಿಗೆ ನಿಲ್ಲುತ್ತಾನೆ. ಹಾಗೆ ದಾರಿ ತೋರುವವರು ಗಾಡಿಯ ನೇರ ಹಿಂದೆ, ಗೋಡೆಗೂ ಗಾಡಿಗೂ ನಡುವೆ ನಿಲ್ಲಬಾರದು. ಚಾಲಕನ ಬದಿಯಲ್ಲಿ, ಅವನ ಕನ್ನಡಿಯಲ್ಲಿ ಕಾಣುವಂತೆ ನಿಲ್ಲಬೇಕು. ಅವರು ಕನ್ನಡಿಯಿಂದ ಮರೆಯಾದ ಕ್ಷಣವೇ ಗಾಡಿ ನಿಲ್ಲಬೇಕು.

"ಈಗಿನ ಕಾರುಗಳೇ ಕೂಗಿ ಹೇಳುತ್ತವಲ್ಲ, ಸ್ವಾಮಿ" ಎನ್ನುವವರಿದ್ದಾರೆ. ನಿಜ, 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಲ್ಲಿ ಹಿಂದಿನ ಅಡ್ಡಿಯನ್ನು ಎಚ್ಚರಿಸುವ ಸೆನ್ಸರ್ ಕಡ್ಡಾಯವಾಯಿತು. ಆದರೆ ಆ ಸೆನ್ಸರ್ ಕೆಲಸ ಮಾಡುವ ಬಗೆಯನ್ನು ತಿಳಿಯಿರಿ. ಅದು ಕಳುಹಿಸಿದ ಧ್ವನಿಯ ಅಲೆ ಯಾವುದಾದರೂ ವಸ್ತುವಿಗೆ ಬಡಿದು ಮರಳಿದರೆ ಮಾತ್ರ ಅದು ಕೂಗುತ್ತದೆ. ಗೋಡೆಯಿದ್ದರೆ ಕೂಗುತ್ತದೆ, ನಾಲೆಯಿದ್ದರೆ ಸುಮ್ಮನಿರುತ್ತದೆ. ನೆಲವೇ ಇಲ್ಲದ ಕಡೆ ಅದಕ್ಕೆ ಯಾವ ಅಪಾಯವೂ ಕಾಣುವುದಿಲ್ಲ. ಏರಿಯ ಮೇಲೆ ನಮ್ಮ ಕಣ್ಣೇ ಕಣ್ಣು, ಇಳಿದು ನಿಂತ ಸಹೋದರನ ಕೂಗೇ ಸೆನ್ಸರ್.

ಎಲ್ಲಕ್ಕಿಂತ ಮುಖ್ಯವಾಗಿ ಮನೆಯಂಗಳದಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ಮುನ್ನ ಮಕ್ಕಳು ಎಲ್ಲಿದ್ದಾರೆಂದು ತಿಳಿಯಿರಿ. ಅಪ್ಪ ಹೊರಟರೆಂದು ಓಡಿ ಬರುವ ಮಗು ಗಾಡಿಯ ಹಿಂದೆಯೇ ಬಂದು ನಿಲ್ಲುತ್ತದೆ. ಮಗುವನ್ನು ಅಮ್ಮನೋ ಅಜ್ಜಿಯೋ ಎತ್ತಿಕೊಂಡಿರುವುದನ್ನು ನೋಡಿದ ಮೇಲೆಯೇ ಕೀಲಿ ತಿರುಗಿಸಿ. ಹೆದ್ದಾರಿಯಲ್ಲಿ ಮಾತ್ರ ಈ ವಿದ್ಯೆ ಬೇಡ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತಿರುವು ತಪ್ಪಿತೆಂದು ಹಿಂದಕ್ಕೆ ಬರುವವನು ತನ್ನ ಮತ್ತು ಇತರರ ಪ್ರಾಣದೊಡನೆ ಆಡುತ್ತಾನೆ. ಅಲ್ಲಿ ಮುಂದಿನ ತಿರುವಿನವರೆಗೆ ಹೋಗಿಯೇ ಮರಳಬೇಕು.

ಪವಿತ್ರ ಗ್ರಂಥದಲ್ಲಿ ಇಕ್ಕಟ್ಟಾದ ದಾರಿ

ಅಬ್ರಾಮ ಮತ್ತು ಲೋಟ, ದೊಡ್ಡಪ್ಪ ಮತ್ತು ತಮ್ಮನ ಮಗ. ಇಬ್ಬರಿಗೂ ದನಕುರಿಗಳು ಹೆಚ್ಚಾದವು, ನೆಲ ಸಾಲದಾಯಿತು. ಒಡೆಯರಿಗಿಂತ ಮೊದಲು ಕಾಯುವವರು ಜಗಳಕ್ಕೆ ಬಿದ್ದರು. ನಮ್ಮ ಬದುವಿನ ಜಗಳಗಳೂ ಹೀಗೆಯೇ ಅಲ್ಲವೇ? ಅಬ್ರಾಮನು ಹಿರಿಯ, ದೇವರ ವಾಗ್ದಾನ ಪಡೆದವನು. ಮೊದಲ ಆಯ್ಕೆ ನನ್ನದು ಎಂದು ಹೇಳಲು ಅವನಿಗೆ ಎಲ್ಲ ಹಕ್ಕೂ ಇತ್ತು. ಅವನು ಮಾಡಿದ್ದೇನು? ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ, ನೀನು ಬಲಕ್ಕೆ ಹೋದರೆ ನಾನು ಎಡಕ್ಕೆ ಎಂದು ಕಿರಿಯನಿಗೆ ದಾರಿ ಬಿಟ್ಟನು. ಲೋಟನು ಕಣ್ಣೆತ್ತಿ ನೋಡಿ ನೀರಾವರಿಯ ಜೋರ್ಡನ್ ಬಯಲನ್ನು ಆರಿಸಿಕೊಂಡನು. ನೀರಿನ ನೆಲದ ಬೆಲೆ ತಿಳಿದ ನಮ್ಮ ಭಾಗದ ರೈತರಿಗೆ ಅಬ್ರಾಮನು ಬಿಟ್ಟುಕೊಟ್ಟದ್ದು ಎಷ್ಟೆಂದು ವಿವರಿಸಬೇಕಾಗಿಲ್ಲ. ಆದರೆ ಲೋಟನು ಹೊರಟುಹೋದ ಮೇಲೆಯೇ ದೇವರು ಅಬ್ರಾಮನಿಗೆ ನಾಲ್ಕೂ ದಿಕ್ಕನ್ನು ತೋರಿಸಿ ಆ ನಾಡೆಲ್ಲ ನಿನ್ನ ಸಂತತಿಗೆ ಎಂದು ಮಾತು ಕೊಟ್ಟರು. ಹಿಂದೆ ಸರಿದವನು ಏನನ್ನೂ ಕಳೆದುಕೊಳ್ಳಲಿಲ್ಲ.

ಇನ್ನೊಂದು ಕಥೆ ಬಿಳಾಮನದು. ಅವನು ಕತ್ತೆಯ ಮೇಲೆ ಕುಳಿತು ಹೋಗುತ್ತಿದ್ದಾಗ ದೇವದೂತನು ದಾರಿಗೆ ಅಡ್ಡ ನಿಂತನು. ಕತ್ತೆಗೆ ಕಂಡಿತು, ಸವಾರನಿಗೆ ಕಾಣಲಿಲ್ಲ. ಮೊದಲ ಸಲ ಕತ್ತೆ ಹೊಲಕ್ಕೆ ಇಳಿಯಿತು. ಎರಡನೆಯ ಸಲ ದ್ರಾಕ್ಷಿತೋಟಗಳ ನಡುವಿನ ಓಣಿ, ಎರಡೂ ಕಡೆ ಗೋಡೆ. ಕತ್ತೆ ಗೋಡೆಗೆ ಒತ್ತಿಕೊಂಡಿತು, ಬಿಳಾಮನ ಕಾಲು ಜಜ್ಜಿತು. ಮೂರನೆಯ ಸಲ ಎಡಬಲಕ್ಕೆ ತಿರುಗಲೂ ಎಡೆಯಿಲ್ಲದ ಜಾಗ. ಕತ್ತೆ ಅಲ್ಲೇ ಮಲಗಿಬಿಟ್ಟಿತು. ಮೂರು ಸಲವೂ ಬಿಳಾಮನು ಮಾಡಿದ್ದು ಒಂದೇ, ಕತ್ತೆಯನ್ನು ಹೊಡೆದದ್ದು. ನಾವು ಹಾರ್ನ್ ಹೊಡೆಯುವಂತೆ. ಕೊನೆಗೆ ದೇವರು ಅವನ ಕಣ್ಣು ತೆರೆದಾಗ ತಾನು ತಪ್ಪಿದೆನೆಂದು ಒಪ್ಪಿಕೊಂಡು, ಬೇಕಾದರೆ ಹಿಂದಿರುಗುತ್ತೇನೆ ಎಂದನು. ಆ ಮಾತು ಬಂದ ಮೇಲೆಯೇ ಮುಂದೆ ಹೋಗಲು ಅವನಿಗೆ ಅಪ್ಪಣೆ ಸಿಕ್ಕಿತು. ಹಿಂದಿರುಗಲು ಸಿದ್ಧನಾದವನಿಗೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ.

ಪ್ರಭು ಯೇಸುವೂ ಪರ್ವತ ಪ್ರಸಂಗದಲ್ಲಿ, ಎದುರಾಳಿಯೊಡನೆ ಇನ್ನೂ ದಾರಿಯಲ್ಲಿರುವಾಗಲೇ ಬೇಗನೆ ರಾಜಿಯಾಗಬೇಕೆಂದು ಕಲಿಸಿದರು. ನ್ಯಾಯಾಲಯದವರೆಗೆ ಹೋದ ಮೇಲೆ ಅಲ್ಲ, ದಾರಿಯಲ್ಲಿರುವಾಗಲೇ. ಹಿಂದೆ ನಾಲ್ಕು ಗಾಡಿ ಸೇರುವ ಮುನ್ನ ಸರಿಯುವುದು ಸುಲಭವೆಂದು ಪ್ರತಿಯೊಬ್ಬ ಚಾಲಕನಿಗೂ ಗೊತ್ತು. ಮನೆಯ ಜಗಳವೂ ಹಾಗೆಯೇ. ಮೊದಲ ದಿನ ಇಬ್ಬರ ನಡುವೆ ಇದ್ದದ್ದಕ್ಕೆ ವಾರ ಕಳೆಯುವಷ್ಟರಲ್ಲಿ ಎರಡೂ ಕಡೆಯ ನೆಂಟರು ಬಂದು ಹಿಂದೆ ನಿಂತಿರುತ್ತಾರೆ. ಆಗ ಸರಿಯಬೇಕೆಂದರೂ ಜಾಗವಿರುವುದಿಲ್ಲ.

ಸದ್ಗುಣಗಳ ಸಾರಥಿ

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು (1806) ವಿವೇಕವನ್ನು ಸದ್ಗುಣಗಳ ಸಾರಥಿ ಎಂದು ಕರೆಯುತ್ತದೆ. ನ್ಯಾಯ, ಧೈರ್ಯ, ಸಂಯಮ ಎಂಬ ಕುದುರೆಗಳಿಗೆ ದಾರಿ ತೋರುವುದು ವಿವೇಕ. ಸಂತ ತೋಮಾಸ್ ಅಕ್ವಿನಾಸರು ಈ ವಿವೇಕಕ್ಕೆ ಎಂಟು ಅಂಗಗಳನ್ನು ಹೇಳಿದ್ದಾರೆ. ಅವುಗಳಲ್ಲಿ ನಾಲ್ಕನ್ನು ನಮ್ಮ ಏರಿಯ ದಾರಿಯ ಮೇಲೆಯೇ ಕಾಣಬಹುದು.

ಒಂದು, ಸ್ಮರಣೆ. ನಾನು ದಾಟಿ ಬಂದ ಅಗಲದ ಜಾಗ ಎಷ್ಟು ಹಿಂದಿದೆ ಎಂದು ನೆನಪಿರುವವನು ಧೈರ್ಯವಾಗಿ ಸರಿಯುತ್ತಾನೆ. ಹಾಗೆಯೇ ಸಂಸಾರದಲ್ಲಿ ಹಿಂದೆ ಪರಸ್ಪರ ಕ್ಷಮಿಸಿದ ಜಾಗಗಳನ್ನು ನೆನಪಿಟ್ಟುಕೊಂಡ ದಂಪತಿಗಳಿಗೆ ಮರಳಿ ಹೋಗಲು ಒಂದು ಎಡೆ ಇರುತ್ತದೆ. ಎರಡು, ಕಲಿಯುವ ವಿನಯ. ಡ್ರೈವರು ಕಂಡಕ್ಟರನ ಮಾತು ಕೇಳುವ ಗುಣವಿದು. ನನಗೆ ಕಾಣದ್ದು ಹೊರಗೆ ನಿಂತವನಿಗೆ ಕಾಣುತ್ತದೆ ಎಂದು ಒಪ್ಪುವುದು. ಮೂರು, ಸುತ್ತಲ ನೋಟ. ಹಿಂದೆ ನೋಡುವಾಗ ಮುಂದಿನ ಚಕ್ರವನ್ನು ಮರೆಯದಿರುವುದು. ನಾಲ್ಕು, ಎಚ್ಚರ. ಒಳ್ಳೆಯ ಕೆಲಸ ಮಾಡಲು ಹೋಗಿ ಇನ್ನೊಬ್ಬರಿಗೆ ಕೇಡು ಮಾಡದಿರುವುದು.

ಸದ್ಗುಣವೆಂದರೆ ಮತ್ತೆ ಮತ್ತೆ ಮಾಡಿ ಮೈಗೂಡಿದ ಅಭ್ಯಾಸ ಎಂದೂ ಅದೇ ಸಂತರು ಕಲಿಸುತ್ತಾರೆ. ಕೊಯ್ಲು ಮುಗಿದ ಬಯಲಿನಲ್ಲಿ ನಾಲ್ಕು ಕಲ್ಲಿಟ್ಟು ಗಾಡಿಯನ್ನು ಹಿಂದಕ್ಕೆ ತೆಗೆದು ಕಲಿತವನಿಗೆ ಏರಿಯ ಮೇಲೆ ಅದು ಕೈಗೆ ಬರುತ್ತದೆ. "ನನ್ನದೇ ತಪ್ಪು, ಬಿಡು" ಎಂಬ ಮಾತನ್ನು ಸಣ್ಣ ವಿಷಯಗಳಲ್ಲಿ ಆಡಿ ರೂಢಿ ಮಾಡಿಕೊಂಡವನಿಗೆ ದೊಡ್ಡ ಜಗಳದಲ್ಲಿ ಅದು ನಾಲಿಗೆಗೆ ಬರುತ್ತದೆ. ಅಭ್ಯಾಸವಿಲ್ಲದವನು ಎರಡೂ ಕಡೆ ನಿಂತಲ್ಲೇ ನಿಲ್ಲುತ್ತಾನೆ.

ಎರಡು ಆಕ್ಷೇಪಗಳು

ನೇಗಿಲಿಗೆ ಕೈಯಿಟ್ಟು ಹಿಂದೆ ನೋಡಬಾರದೆಂದು ಪ್ರಭುವೇ ಹೇಳಿಲ್ಲವೇ (ಲೂಕ 9:62), ಹಿಂದೆ ನೋಡಿದ ಲೋಟನ ಹೆಂಡತಿ ಉಪ್ಪಿನ ಕಂಬವಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ಅವಳು ನೋಡಿದ್ದು ಬಿಟ್ಟುಬಂದ ಬದುಕಿನ ಆಸೆಯಿಂದ. ಚಾಲಕನು ಹಿಂದೆ ನೋಡುವುದು ಯಾರಿಗೂ ನೋವಾಗದಿರಲಿ ಎಂದು, ಇಬ್ಬರೂ ಮುಂದೆ ಹೋಗಲಿ ಎಂದು. ಪಾಪನಿವೇದನೆಗೆ ಮುನ್ನ ನಾವು ಆತ್ಮಶೋಧನೆ ಮಾಡಿಕೊಳ್ಳುವುದೂ ಈ ಎರಡನೆಯ ಬಗೆಯ ಹಿನ್ನೋಟವೇ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. "ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು" ಎಂಬುದು ನಮ್ಮ ಗಾದೆ. ನಾನು ಸರಿಯುತ್ತಲೇ ಇದ್ದರೆ ಎಲ್ಲರೂ ನನ್ನನ್ನೇ ಸರಿಸುತ್ತಾರೆ ಅಲ್ಲವೇ? ರಸ್ತೆಯಲ್ಲಿ ನೋಡಿ. ದೊಡ್ಡ ಕಾರಿಗೆ ಸಣ್ಣ ಕಾರು, ಸಣ್ಣ ಕಾರಿಗೆ ಬೈಕು, ಬೈಕಿಗೆ ಸೈಕಲ್ಲು, ಸೈಕಲ್ಲಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸು. ಕೊನೆಗೆ ಕೆಸರಿಗೆ ಇಳಿಯುವವಳು ಅವಳೇ. ಮನೆಯಲ್ಲಿ ನೋಡಿ. ಜಗಳವಾದಾಗಲೆಲ್ಲ ಸೊಸೆಯೇ ಸರಿಯಬೇಕು, ಹೆಂಡತಿಯೇ ಕ್ಷಮೆ ಕೇಳಬೇಕು, ತಂಗಿಯೇ ಪಾಲು ಬಿಡಬೇಕು. ಇದಕ್ಕೆ ದೀನತೆ ಎಂದು ಹೆಸರಿಡಬೇಡಿ. ಸರಿಯಲಾಗದವರನ್ನು ಸರಿಸುವುದು ಅನ್ಯಾಯ.

ಆದುದರಿಂದಲೇ ದಾರಿಯ ನಿಯಮವನ್ನು ನಾನು ಮೊದಲೇ ವಿವರವಾಗಿ ಹೇಳಿದೆ. ಹೊರೆ ಕಡಿಮೆಯಿದ್ದವರು, ಎಡೆ ಹತ್ತಿರವಿದ್ದವರು, ಶಕ್ತಿ ಹೆಚ್ಚಿದ್ದವರು ಮೊದಲು ಸರಿಯಬೇಕು. ಅಬ್ರಾಮನು ಹಿರಿಯನಾಗಿದ್ದು ಕಿರಿಯನಿಗೆ ದಾರಿ ಬಿಟ್ಟನು. ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ನಮ್ಮ ಮುಂದಿಡುವ ಕ್ರಿಸ್ತರು ದೇವರಿಗೆ ಸಮಾನರಾಗಿದ್ದೂ ತಮ್ಮನ್ನು ಬರಿದು ಮಾಡಿಕೊಂಡವರು. ಮೇಲಿರುವವನು ಕೆಳಗಿಳಿದದ್ದೇ ನಮ್ಮ ರಕ್ಷಣೆಯ ಕಥೆ. ಮನೆಯಲ್ಲಿ ಅತ್ತೆಗೆ ಎಡೆ ಹೆಚ್ಚಿದ್ದರೆ ಅತ್ತೆ ಸರಿಯಲಿ. ಹೊಲದಲ್ಲಿ ಅಣ್ಣನಿಗೆ ರಸ್ತೆ ಬದಿಯ ಪಾಲು ಬಂದಿದ್ದರೆ ಒಳಗಿನ ಪಾಲಿನ ತಮ್ಮನಿಗೆ ಬಂಡಿ ಹೋಗುವಷ್ಟು ದಾರಿಯನ್ನು ಅಣ್ಣನೇ ಬಿಡಲಿ. ಆರಡಿ ದಾರಿಗಾಗಿ ಒಡಹುಟ್ಟಿದವರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆದು, ತಂದೆಯ ವರ್ಷದ ಬಲಿಪೂಜೆಗೂ ಬೇರೆ ಬೇರೆ ಬೆಂಚಿನಲ್ಲಿ ಕೂರುವ ಸ್ಥಿತಿ ನಮ್ಮ ಯಾವ ಮನೆಗೂ ಬರದಿರಲಿ.

ಧರ್ಮಸಭೆಯ ಮಾರ್ಗದರ್ಶನ

ವಲಸಿಗರ ಮತ್ತು ಸಂಚಾರಿಗಳ ಪಾಲನೆಗಾಗಿದ್ದ ವ್ಯಾಟಿಕನ್ನಿನ ಪರಿಷತ್ತು 2007ರ ಜೂನ್ 19ರಂದು ರಸ್ತೆಯ ಪಾಲನಾ ಸೇವೆಯ ಬಗ್ಗೆ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ಚಾಲಕರಿಗಾಗಿ ಹತ್ತು ಕಟ್ಟಳೆಗಳಿವೆ. ಕೊಲ್ಲಬಾರದು ಎಂಬುದೇ ಮೊದಲನೆಯದು. ರಸ್ತೆಯು ಜನರನ್ನು ಬೆಸೆಯುವ ಸಾಧನವಾಗಬೇಕು, ಕಾರು ದರ್ಪದ ಗುರುತಾಗಬಾರದು, ದುರ್ಬಲರನ್ನು ಕಾಪಾಡಬೇಕು ಎಂಬ ಮಾತುಗಳೂ ಅಲ್ಲಿವೆ. ವೇಗದ ಹುಚ್ಚಿನಿಂದ ಅಥವಾ ಕುಡಿದು ಗಾಡಿ ಓಡಿಸಿ ತನ್ನ ಮತ್ತು ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದು ಗಂಭೀರ ಅಪರಾಧವೆಂದು ಧರ್ಮೋಪದೇಶ ಗ್ರಂಥವೂ (2290) ಕಲಿಸುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಹೀಗಿರುವಾಗ ನಮ್ಮ ಆತ್ಮಶೋಧನೆಯ ಪಟ್ಟಿಯಲ್ಲಿ ರಸ್ತೆಗೂ ಒಂದು ಸಾಲು ಇರಬೇಡವೇ?

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ನಡೆದು ಬರುವವರು, ಗಾಡಿಗಳಲ್ಲಿ ಬರುವವರು ಎಲ್ಲರೂ ಅದೇ ಬೀದಿಗಳಲ್ಲಿ ಸೇರುತ್ತಾರೆ. ಅಲ್ಲಿ ಗಾಡಿ ನಿಲ್ಲಿಸುವಾಗ, ತೆಗೆಯುವಾಗ ನಾವು ತೋರುವ ತಾಳ್ಮೆಯೂ ಹರಕೆಯ ಒಂದು ಭಾಗವೇ. ಕಾಲು ನೋಯಿಸಿಕೊಂಡು ನಡೆದು ಬಂದ ಅಜ್ಜಿಯ ಬೆನ್ನಿಗೆ ಹಾರ್ನ್ ಹೊಡೆದು ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿದರೆ ಮಾತೆ ಮೆಚ್ಚುವರೇ?

ಕೊನೆಯದಾಗಿ ಗಂಡಂದಿರಿಗೆ ಒಂದು ಮಾತು. ಹೆಂಡತಿಯೋ ಮಗಳೋ ಕಾರು ಕಲಿಯುವಾಗ, ಗಾಡಿ ಹಿಂದಕ್ಕೆ ತೆಗೆಯುವ ಗಳಿಗೆ ಬಂದೊಡನೆ "ಇಳಿ, ನಾನೇ ತೆಗೀತೀನಿ" ಎಂದುಬಿಡುತ್ತೀರಿ. ಅವರು ಮುಂದಕ್ಕೆ ಮಾತ್ರ ಕಲಿಯುತ್ತಾರೆ. ಇಳಿಯಬೇಕಾದವರು ನೀವು. ಇಳಿದು ಹಿಂದೆ ಹೋಗಿ, ಕನ್ನಡಿಯಲ್ಲಿ ಕಾಣುವಂತೆ ನಿಂತು, ಬೈಯದೆ "ಬರ್ಲಿ, ಬರ್ಲಿ" ಎನ್ನಿ. ಒಳ್ಳೆಯ ಸಂಸಾರಕ್ಕೆ ಅದಕ್ಕಿಂತ ಹೆಚ್ಚಿನ ಪಾಠವನ್ನು ನಾನು ಕಾಣೆ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಜಗಳವಾದಾಗ ಯಾವಾಗಲೂ ಹಿಂದೆ ಸರಿಯುವವರು ಯಾರು? ಅವರಿಗೆ ನಿಜಕ್ಕೂ ಎಡೆ ಇದೆಯೇ?

2. ನೆರೆಯವರೊಡನೆ ದಾರಿ, ಬದು, ನೀರಿನ ಸರದಿಯ ವಿಷಯದಲ್ಲಿ ನಾವು ಸರಿಯಬಹುದಾದ ಜಾಗ ಯಾವುದು?

3. ನಮ್ಮ ಮನೆಯ ಚಾಲಕರಲ್ಲಿ ಗಾಡಿ ಹಿಂದಕ್ಕೆ ತೆಗೆಯಲು ಅಂಜುವವರು ಯಾರು? ಅವರಿಗೆ ಕಲಿಸುವವರು ಯಾರು?

ಈ ವಾರದ ನಿರ್ಧಾರ

ಈ ವಾರ ಒಮ್ಮೆಯಾದರೂ ನಾನಾಗಿಯೇ ಗಾಡಿ ಹಿಂದಕ್ಕೆ ತೆಗೆದು ಇನ್ನೊಬ್ಬರಿಗೆ ದಾರಿ ಬಿಡುತ್ತೇನೆ. ನನಗೆ ದಾರಿ ಬಿಟ್ಟವರಿಗೆ ಕೈಯೆತ್ತಿ ವಂದಿಸದೆ ಮುಂದೆ ಹೋಗುವುದಿಲ್ಲ.

ಪ್ರಾರ್ಥನೆ

ಪ್ರಭು ಯೇಸುವೇ, ನಮಗೆ ದಾರಿಯಾಗಲು ನೀವು ಎತ್ತರದಿಂದ ಇಳಿದು ಬಂದಿರಿ. ಇಕ್ಕಟ್ಟಿನಲ್ಲಿ ಎದುರಾದವನನ್ನು ಸಹೋದರನೆಂದು ಕಾಣುವ ಕಣ್ಣು ಕೊಡಿ. ನಮ್ಮ ಹಿಂದೆ ನಿಂತ ಮಕ್ಕಳನ್ನು, ನಮ್ಮ ಬದಿಯಲ್ಲಿ ನಡೆಯುವ ಬಡವರನ್ನು ನಮ್ಮ ಚಕ್ರಗಳಿಂದ ಕಾಪಾಡಿ. ಸರಿಯುವ ಬಲವುಳ್ಳವರಿಗೆ ಸರಿಯುವ ಮನಸ್ಸನ್ನೂ, ಹೊರೆ ಹೊತ್ತವರಿಗೆ ಸುಗಮವಾದ ದಾರಿಯನ್ನೂ ಅನುಗ್ರಹಿಸಿ. ಆರೋಗ್ಯಮಾತೆಯೇ, ನಮ್ಮ ಮನೆಗಳಿಂದ ಹೊರಟ ಎಲ್ಲರನ್ನೂ ಸಂಜೆ ಮನೆಗೆ ಸೇರಿಸಿರಿ. ಆಮೆನ್.